ಜಂತಿಗೆ ಕಟ್ಟಿದ ಗಂಟು

ರಾಯಚೂರಿನ ಕಾಲೇಜೊಂದರಲ್ಲಿ ಅಂತಾರಾಷ್ಟ್ರೀಯ ವ್ಯಾಪಾರ ಕಾನೂನು ಕಲಿಸುತ್ತೇನೆ ಎಂದರೆ ಎಂಬತ್ತರ ದಶಕದ ಆರಂಭದಲ್ಲಿ ಜನ ನಗುತ್ತಿದ್ದರು. "ನಮ್ಮೂರಿಗಿ ಯಾವ ಹಡಗ ಬರ್ತದ್ರಿ ಮೇಡಂ?" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಸ್ಟಾಫ್ ರೂಮಿನಲ್ಲಿ ದಿನಾ ಅದೇ ಜೋಕು ಹೊಡೆಯುತ್ತಿದ್ದರು. "ನೀವು ಟೈಮಿಗೆ ಕ್ಲಾಸಿಗಿ ಹೋದ ದಿನ ಬರ್ತದ್ರಿ" ಎಂದು ನಾನು ಒಮ್ಮೆ ಹೇಳಿದ ಮೇಲೆ ಅವರ ಜೋಕು ನಿಂತಿತು, ನನ್ನೊಡನೆ ಮಾತೂ ನಿಂತಿತು. ನನ್ನ ಬಾಯಿ ಅಂಥದ್ದು. ಆಡಲೇಬೇಕಾಗಿದ್ದ ಒಂದು ದಿನ ಮಾತ್ರ ಅದು ಬಿಗಿದುಕೊಂಡಿತು.

ಆಗ ಪಿಎಚ್‌ಡಿ ಮಾಡುತ್ತಿದ್ದೆ. ನಮೂನೆ ತೋರಿಸಿ ಮಾಡುವ ಮಾರಾಟ ನನ್ನ ವಿಷಯ. ಒಂದು ದೇಶದ ವರ್ತಕ ಹಿಡಿ ಧಾನ್ಯ ತೋರಿಸಿ ಹಡಗುಗಟ್ಟಲೆ ಮಾರುತ್ತಾನೆ. ತೋರಿಸಿದ್ದೇ ಬೇರೆ, ಬಂದಿದ್ದೇ ಬೇರೆ ಎಂದು ಕೊಂಡವನು ತಕರಾರು ತೆಗೆದರೆ ಯಾರನ್ನು ನಂಬುವುದು? ಮೂರು ಅಧ್ಯಾಯ ಓದಿದ ಮಾರ್ಗದರ್ಶಕರು ಕನ್ನಡಕ ತೆಗೆದಿಟ್ಟು, "ಇದೆಲ್ಲ ಲೈಬ್ರರಿಯಲ್ಲಿ ಸಿಗುತ್ತದಮ್ಮ. ನಿಮ್ಮ ಮಾನ್ವಿಯಲ್ಲಿ ಅಕ್ಕಿ ಹೇಗೆ ಮಾರುತ್ತಾರೆ? ಅದನ್ನು ಬರಿ" ಎಂದರು. ಅದನ್ನು ಬರೆಯಬೇಕೆಂದರೆ ಅವ್ವನ ಬಗ್ಗೆ ಬರೆಯಬೇಕಿತ್ತು.

ಅವ್ವ ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ ಕೇರುವ ಕೆಲಸ ಮಾಡುತ್ತಿದ್ದಳು. ಆ ಗಿರಣಿಯಲ್ಲಿ ಒಂದು ಪದ್ಧತಿ ಇತ್ತು. ಮಾತು ಮುಗಿದ ಮೇಲೆ ಒಂದು ಹಿಡಿ ಅಕ್ಕಿಯನ್ನು ಬಟ್ಟೆಗೆ ಹಾಕಿ ಮಾರುವವನು ಒಂದು ಗಂಟು ಹಾಕುತ್ತಿದ್ದ, ಅದರ ಮೇಲೆ ಕೊಳ್ಳುವವನು ತನ್ನದೊಂದು ಹಾಕುತ್ತಿದ್ದ. ಆ ಗಂಟು ಇಬ್ಬರಿಗೂ ಬೇಕಾಗದ, ಇಬ್ಬರಿಗೂ ಬೇಡವಾಗದ ಮೂರನೆಯವರ ಮನೆಯಲ್ಲಿ ಇರಬೇಕು. ಜಗಳ ಬಂದರೆ ಇಬ್ಬರ ಕಣ್ಣೆದುರೇ ಬಿಚ್ಚಬೇಕು. ಆ ಮೂರನೆಯವಳು ನಮ್ಮವ್ವ. ಇಲಿ ಮುಟ್ಟಬಾರದೆಂದು ಗಂಟುಗಳನ್ನು ಮನೆಯ ಜಂತಿಗೆ ತೂಗುಹಾಕುತ್ತಿದ್ದಳು. ನಮ್ಮ ಮನೆಯಲ್ಲಿ ಒಂದು ಲೋಟ ನೀರು ಕುಡಿಯದ ಸಾವುಕಾರರು ತಮ್ಮ ಮಾತನ್ನು ನಮ್ಮ ಜಂತಿಗೆ ಬಿಟ್ಟು ಹೋಗುತ್ತಿದ್ದರು! ಇದಕ್ಕೆ ನನಗೆ ಸಿಟ್ಟು ಬರುತ್ತಿತ್ತು. ಅವ್ವನಿಗೆ ಮಾತ್ರ ಹೆಮ್ಮೆ. ಗಿರಣಿಯಲ್ಲಿ ಎಲ್ಲರೂ ಅವಳನ್ನು "ಗಂಟಿನವ್ವ" ಎನ್ನುತ್ತಿದ್ದರು. ಅವಳ ಬದುಕಿನಲ್ಲಿ ಅವಳದೇ ಎಂದು ಇದ್ದ ಮರ್ಯಾದೆ ಅದೊಂದೇ.

ಒಂದು ಭಾನುವಾರ ಬೆಳಗಿನ ಬಸ್ಸು ಹಿಡಿದು ಊರಿಗೆ ಹೋದೆ. ಅವ್ವ ಬಟ್ಟೆ ಒಗೆಯಲು ಕಾಲುವೆಗೆ ಹೋಗಿದ್ದಳು. ಜಂತಿಯಲ್ಲಿ ನಾಲ್ಕು ಗಂಟು ತೂಗುತ್ತಿದ್ದವು. ಪ್ರಬಂಧದಲ್ಲಿ ಗಂಟಿನ ಚಿತ್ರ ಇದ್ದರೆ ಎಷ್ಟು ಚೆನ್ನ ಎನಿಸಿತು. ಒಂದನ್ನು ಇಳಿಸಿದೆ. ಹೊರಗಿನ ಚಿತ್ರ ಬರೆದೆ. ಒಳಗೆ ಏನಾದರೂ ಗುರುತು ಇಡುತ್ತಾರೋ ಎಂಬ ಹುಚ್ಚು ಕುತೂಹಲ ಹುಟ್ಟಿ ಬಿಚ್ಚಿಯೇಬಿಟ್ಟೆ. ಏನೂ ಇರಲಿಲ್ಲ, ಬರೀ ಅಕ್ಕಿ. ಬರೆದುಕೊಂಡ ಚಿತ್ರ ನೋಡಿ ನೋಡಿ ಹಾಗೆಯೇ ಕಟ್ಟಿ ತೂಗುಹಾಕಿದೆ. ಒಂದು ಕಾಳೂ ಚೆಲ್ಲಲಿಲ್ಲ. ಓದಿದವಳ ಜಾಣತನ ನೋಡಿ!

ಮುಂದಿನ ವಾರವೇ ಆ ಗಂಟಿಗೆ ಕರೆ ಬಂತು. ದೇವದುರ್ಗದ ವರ್ತಕರೊಬ್ಬರು, ಲಾರಿಯಲ್ಲಿ ಬಂದ ಅಕ್ಕಿಯಲ್ಲಿ ನುಚ್ಚು ಜಾಸ್ತಿ ಎಂದು ಕೂಗಾಡುತ್ತ ಗಿರಣಿಗೆ ಬಂದಿದ್ದರು. ಪಂಚಾಯ್ತಿ ಹೇಗೆ ನಡೆಯುತ್ತದೆಂದು ನೋಡಿ ಬರೆಯಬೇಕೆಂದು, ಆ ಭಾನುವಾರವೂ ಊರಿಗೆ ಬಂದಿದ್ದ ನಾನೂ ಅವ್ವನ ಹಿಂದೆ ಹೋದೆ. ಗಿರಣಿಯ ಸಾವುಕಾರರು ನನ್ನನ್ನು ಕಂಡವರೇ, "ಬರ್ರಿ ಮೇಡಂ, ಕುಂಡ್ರಿ" ಎಂದು ಕುರ್ಚಿ ಎಳೆದರು. ನಮ್ಮ ಓಣಿಯವರು ಯಾರೂ ಆ ಗಿರಣಿಯಲ್ಲಿ ಕುರ್ಚಿಯ ಮೇಲೆ ಕೂತವರಲ್ಲ. ನಾನು ಕೂತೆ.

ಅವ್ವ ಸೆರಗಿನಿಂದ ಗಂಟು ತೆಗೆದಳು. ತೆಗೆದವಳು ಅದರ ಮೇಲೆ ಹೆಬ್ಬೆರಳಾಡಿಸಿ ನಿಂತುಬಿಟ್ಟಳು. ದೇವದುರ್ಗದ ಆ ವರ್ತಕರು ಎಡಚರು, ಅವರು ಹಾಕುವ ಗಂಟು ಬೇರೆ ದಿಕ್ಕಿಗೆ ಬಿಗಿಯುತ್ತದೆ ಎಂಬುದು ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಸುಮ್ಮನೆ ಕೊಟ್ಟಿದ್ದರೆ ಅವರಿಗೂ ತಿಳಿಯುತ್ತಿತ್ತೋ ಇಲ್ಲವೋ.

"ಈ ಗಂಟು ಬಿಚ್ಯಾರ್ರಿ," ಎಂದಳು ಅವ್ವ. "ನನ್ನ ಮನಿಯಾಗ ಬಿಚ್ಯಾರ. ಇದನ್ನ ನಂಬಬ್ಯಾಡ್ರಿ."

"ಯಾರು ಬಿಚ್ಚಿದ್ರು?" ಎಂದರು ಸಾವುಕಾರರು.

"ಯಾರರ ಇರ್ಲಿ ಬಿಡ್ರಿ ಯಪ್ಪಾ. ಇಟಗೊಂಡಾಕಿ ನಾನು."

ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಕುರ್ಚಿಯ ತೋಳು ಹಿಡಿದುಕೊಂಡು ಕೂತಿದ್ದೆ. ಏಳಬೇಕು, ಹೇಳಬೇಕು ಎಂದು ಮನಸ್ಸು ಬಡಿದುಕೊಳ್ಳುತ್ತಿತ್ತು. ಎದ್ದರೆ ಆ ಕುರ್ಚಿ ಮತ್ತೆ ಸಿಗುವುದಿಲ್ಲ ಎನಿಸಿತು. ಥೂ ನನ್ನ! ಸಾಕ್ಷಿ ಎಂದರೇನು ಎಂದು ಹುಡುಗರಿಗೆ ಪಾಠ ಮಾಡುವವಳು ತುಟಿ ಬಿಚ್ಚಲಿಲ್ಲ. ಸಾವುಕಾರರೂ ವರ್ತಕರೂ ಹೇಗೋ ತಮ್ಮಲ್ಲೇ ಮಾತಾಡಿಕೊಂಡು ಎದ್ದರು.

ದಾರಿಯಲ್ಲಿ "ಯವ್ವಾ" ಎಂದೆ. "ಹೋಗ್ಲಿ ಬಿಡು, ಬಸ್ ತಪ್ತದ ನಡಿ" ಎಂದಳು. ಮುಂದಿನ ಸಲ ಹೋದಾಗ ಜಂತಿ ಖಾಲಿ ಇತ್ತು. ಯಾಕೆಂದು ಕೇಳಿದರೆ, "ಇಲಿ ಕಾಟ ತಪ್ಪಿತು ನೋಡು" ಎಂದು ನಕ್ಕಳು. ಅವಳ ಮೇಲೆ ನಂಬಿಕೆ ಹೋಯಿತು, ಅದನ್ನು ಕಳೆದವಳು ನಾನು ಎಂದು ತಿಳಿದೆ. ಗಂಟಿನ ಚಿತ್ರ ಮಾತ್ರ ಪ್ರಬಂಧದಲ್ಲಿ ಅಚ್ಚುಕಟ್ಟಾಗಿ ಬಂತು.

ಎರಡು ವರ್ಷದ ಮೇಲೆ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ಆ ಅಧ್ಯಾಯವನ್ನೇ ಹಿಡಿದರು. "ಇಟ್ಟುಕೊಂಡವರ ಮನೆಯಲ್ಲೇ ಗಂಟು ಬಿಚ್ಚಿದರೆ ಏನಾಗುತ್ತದೆ?"

"ಅವರ ಮೇಲೆ ನಂಬಿಕೆ ಹೋಗುತ್ತದೆ ಸರ್. ಮತ್ತೆ ಯಾರೂ ಅವರಲ್ಲಿ ಇಡುವುದಿಲ್ಲ."

"ಆಧಾರ?"

"ಕಣ್ಣಾರೆ ಕಂಡಿದ್ದೇನೆ."

ಅವರು ತಲೆದೂಗಿದರು. ಡಾಕ್ಟರೇಟ್ ಬಂತು. ಅಭಿನಂದನೆಗೆ ಚಾಚಿದ ಕೈಗಳನ್ನು ಕುಲುಕುವಾಗ ನನಗೆ ನನ್ನ ಕೈಯೇ ಅಸಹ್ಯವಾಯಿತು. ಮರುದಿನವೇ ಮಾನ್ವಿಗೆ ಹೋದೆ. ಮನೆಗೆ ಹೋಗದೆ ನೆಟ್ಟಗೆ ಗಿರಣಿಗೆ ನಡೆದೆ. ಸಾವುಕಾರರು ಕುರ್ಚಿ ಎಳೆದರು. ಈ ಸಲ ನಿಂತೇ ಇದ್ದೆ.

"ಅವತ್ತು ಗಂಟು ಬಿಚ್ಚಿದಾಕಿ ನಾನ್ರಿ. ನಮ್ಮವ್ವಂದೇನೂ ತಪ್ಪಿಲ್ಲ. ಆಕಿ ಮ್ಯಾಲ ನಂಬಿಕಿ ಕಳಕೋಬ್ಯಾಡ್ರಿ."

ಅವರು ಎಳೆದಿದ್ದ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದರು.

"ಆಕಿ ಒಬ್ಬಾಕಿ ಇರೋ ಮನಿ, ಬಂದು ಹೋಗೋರು ನೀವೊಬ್ಬರ. ಯಾರು ಬಿಚ್ಯಾರ ಅಂತ ನಮಗ ತಿಳಿಯಂಗಿಲ್ಲೇನು? ನಂಬಿಕಿ ಹೋಗಿದ್ದಿಲ್ಲವ್ವಾ. ತಾನಾಗೇ ಹೇಳಿದಾಕಿನ್ನ ಯಾರು ಬಿಡ್ತಾರ? ಮರುವಾರಾನ ಇನ್ನೆರಡು ಗಂಟು ಕಳಿಸಿದ್ದೆ. ಆಕಿನೇ ತಿರುಗಿ ತಂದಿಟ್ಟಳು."

"ಯಾಕ್ರಿ?"

"'ನನ್ನ ಮಗಳು ಬಂದು ಹೋಗೋ ಮನಿ ಅದ ಸಾವುಕಾರ್ರೇ' ಅಂದ್ಲು. 'ಆಕಿಗಿ ಬರಬ್ಯಾಡ ಅನ್ನಾಕ ನನ್ನಿಂದ ಆಗಲ್ಲ. ಗಂಟೇ ಬ್ಯಾಡ' ಅಂದ್ಲು."

ಮನೆಗೆ ಹೋದೆ. ಅವ್ವ ಬಾಗಿಲಲ್ಲಿ ಕೂತು ಅಕ್ಕಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು, ಕೈ ಝಾಡಿಸಿಕೊಂಡು ನನ್ನ ಮುಖ ನೋಡಿದಳು.

"ಪಾಸಾದೇನ್ಬೇ?" ಎಂದಳು.

ನಾನು ಅವಳ ಪಕ್ಕ ನೆಲದ ಮೇಲೆ ಕೂತು ಮೊರ ಕೈಗೆತ್ತಿಕೊಂಡೆ.