ತಪ್ಪು ತಿದ್ದಿದ ಮಾರ್ದನಿ

ದೆವ್ವ, ಗಾಳಿ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಸಸ್ಯಶಾಸ್ತ್ರ ಓದಿದವಳಿಗೆ ಅಂಥದ್ದನ್ನು ಕೇಳುವ ತಾಳ್ಮೆ ಎಲ್ಲಿಂದ ಬರಬೇಕು? ದೆವ್ವವನ್ನು ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ಸೊರಬದ ಕಡೆ ಹಾಡಹಗಲೇ ನಡೆದದ್ದನ್ನು ನೆನೆದರೆ ನನಗೆ ಹೆದರಿಕೆಯಾಗುವುದಿಲ್ಲ, ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ನೀವೇ ನೋಡಿ.

ಆಗತಾನೆ ಸಂಶೋಧನೆಗೆ ಇಳಿದವರಿಗಾಗಿ ಕಾಡಿನ ಗಿಡಮರಗಳ ಬಗ್ಗೆ ಒಂದು ಕಿರು ತರಬೇತಿ ಇಟ್ಟಿದ್ದರು. ಕೊನೆಯ ದಿನ ಪ್ರತಿ ಜೋಡಿಯೂ ತಾನು ಮಾಡಿದ ಕೆಲಸವನ್ನು ಎಲ್ಲರ ಮುಂದೆ ಮಂಡಿಸಬೇಕು. ಚೆನ್ನಾಗಿ ಮಾಡಿದ ಒಬ್ಬರಿಗೆ ಮುಂದಿನ ಯೋಜನೆಯಲ್ಲಿ ಕೆಲಸ ಎಂದು ತರಬೇತಿಯ ಮುಖ್ಯಸ್ಥರು ಮೊದಲೇ ಹೇಳಿದ್ದರು. ಆ ಕೆಲಸದ ಆಸೆಗೆ ನಾನು ಶಿಕಾರಿಪುರದಲ್ಲಿ ಮಾಡುತ್ತಿದ್ದ ಅತಿಥಿ ಉಪನ್ಯಾಸಕಿಯ ಹುದ್ದೆಯನ್ನೂ ಬಿಟ್ಟು ಬಂದಿದ್ದೆ. ಜೋಡಿಯಾಗಿ ಸಿಕ್ಕಿದವನು ರವೀಶ, ಕ್ಯಾಸನೂರಿನ ಹತ್ತಿರದವನು.

ನಮ್ಮ ಪಾಲಿಗೆ ಒಂದು ಕಾನು ಬಂತು. ಬಿಸಿಲೇ ಇಳಿಯದ ದಟ್ಟ ಕಾಡಿಗೆ ಅಲ್ಲಿ ಕಾನು ಎನ್ನುತ್ತಾರೆ. ನಾನು ಒಳಗೆ ಹೋಗಿ ಮರದ ಸುತ್ತ ಟೇಪು ಹಿಡಿದು ಸುತ್ತಳತೆ ಎಷ್ಟು ಸೆಂಟಿಮೀಟರ್ ಎಂದು ಕೂಗಬೇಕು, ರವೀಶ ಅಂಚಿನಲ್ಲಿ ನಿಂತು ಅದನ್ನೇ ತಿರುಗಿ ಕೂಗಿ ಬರೆದುಕೊಳ್ಳಬೇಕು. ತಿರುಗಿ ಕೂಗದಿದ್ದರೆ ಕೇಳಿಸಲಿಲ್ಲ ಎಂದು ಅರ್ಥ. ಕೆಲಸದ ಪದ್ಧತಿಯೇ ಅದು.

ಅವತ್ತು ಬೆಳಿಗ್ಗೆಯಿಂದ ಕೆಲಸ ಸರಾಗವಾಗಿ ನಡೆದಿತ್ತು. ನಾನು ಕೂಗಿದ್ದೆಲ್ಲ ತಿರುಗಿ ಬರುತ್ತಿತ್ತು. ಗಂಡಸಿನ ದನಿ. ರವೀಶನದೇ ಎಂದುಕೊಂಡೆ, ಬೇರೆ ಯಾರದ್ದೆಂದು ಯಾಕೆ ಅಂದುಕೊಳ್ಳಲಿ? ಒಂದು ದೊಡ್ಡ ಹೆಬ್ಬಲಸಿನ ಮರಕ್ಕೆ ಟೇಪು ಸುತ್ತಿ, ಕತ್ತಲಲ್ಲಿ ಬಗ್ಗಿ ನೋಡಿ, ನೂರಾ ಹನ್ನೆರಡು ಎಂದು ಕೂಗಿದೆ. ಉತ್ತರ ತಡವಾಗಿ ಬಂತು.

“ಹನ್ನೆರಡಲ್ಲ ಕಣೇ, ನೂರಾ ಇಪ್ಪತ್ತೆರಡು. ಸರಿಯಾಗಿ ನೋಡು.”

ಮತ್ತೆ ಬಗ್ಗಿ ನೋಡಿದೆ. ನೂರಾ ಇಪ್ಪತ್ತೆರಡೇ. ಆದರೆ ನನಗೆ ಮೈಯೆಲ್ಲ ಉರಿದದ್ದು ‘ಕಣೇ’ ಎಂದದ್ದಕ್ಕೆ. ಪರಿಚಯವಾಗಿ ವಾರ ಆಗಿಲ್ಲ, ಇವನಿಗೆ ಎಷ್ಟು ಸಲಿಗೆ! ಬಾಯಿಗೆ ಬಂದಂತೆ ಬೈಯಬೇಕೆಂದು ಮುಳ್ಳು ಸರಿಸಿಕೊಂಡು ಹೊರಗೆ ಬಂದೆ. ಅಂಚಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನಮ್ಮನ್ನು ಕರೆತಂದಿದ್ದ ಜೀಪೂ ಇರಲಿಲ್ಲ.

ಮಧ್ಯಾಹ್ನ ಜೀಪು ತಿರುಗಿ ಬಂದಾಗ ಸಂಗತಿ ಗೊತ್ತಾಯಿತು. ನಾನು ಒಳಗೆ ಹೋದ ಸ್ವಲ್ಪ ಹೊತ್ತಿಗೇ ರವೀಶನ ಕುತ್ತಿಗೆಗೆ ರಕ್ತ ಹೀರುವ ಉಣುಗು ಹುಳ ಕಚ್ಚಿಕೊಂಡಿತ್ತಂತೆ. ಅದರಿಂದ ಹರಡುವ ಮಂಗನ ಕಾಯಿಲೆಯ ಹೆದರಿಕೆಗೆ ಡ್ರೈವರನ್ನು ಎಬ್ಬಿಸಿಕೊಂಡು ಸೊರಬದ ಆಸ್ಪತ್ರೆಗೆ ಓಡಿದ್ದ. ಅವನು ಬರೆದುಕೊಂಡದ್ದು ಮೊದಲ ಎರಡು ಮರ ಮಾತ್ರ. ಆ ಕಾಯಿಲೆ ಮೊದಲು ಕಾಣಿಸಿಕೊಂಡದ್ದೇ ಕ್ಯಾಸನೂರಿನ ಕಾಡಿನಲ್ಲಿ, ಆ ಕಡೆಯವನ ಹೆದರಿಕೆ ನನಗೆ ಅರ್ಥವಾಗುತ್ತದೆ. ಹೇಳದೆ ಹೋದದ್ದು ಅರ್ಥವಾಗುವುದಿಲ್ಲ. ಕೇಳಿದರೆ, “ಕೂಗಿ ಹೇಳಿದ್ನಲ್ಲ ಮಾರಾಯ್ರೆ, ನಿಮಗೇ ಕೇಳ್ಲಿಲ್ಲ” ಎಂದ.

ಸಂಜೆ ನಡೆದದ್ದನ್ನು ನಡೆದಂತೆ ಹೇಳಿದೆ. ಮುಖ್ಯಸ್ಥರು ಅದು ಮಾರ್ದನಿ ಎಂದರು. ಮಾರ್ದನಿ ತಪ್ಪು ತಿದ್ದುತ್ತದೆಯೇ ಸಾರ್ ಎಂದು ಕೇಳಿದ್ದಕ್ಕೆ, ಕೆಲಸ ಆಗಲಿಲ್ಲವೆಂದು ಒಪ್ಪಿಕೊಳ್ಳುವುದು ಬಿಟ್ಟು ಕಾಗಕ್ಕ ಗುಬ್ಬಕ್ಕನ ಕಥೆ ಹೇಳಬೇಡ ಎಂದು ಎಲ್ಲರೆದುರೇ ಗದರಿದರು. ಊರಿನವರು ಯಾರೋ ತಮಾಷೆ ಮಾಡಿರಬೇಕು ಎಂದರು ಕೆಲವರು. ಪೊದೆಯಾಚೆ ನಿಂತವನಿಗೆ ನನ್ನ ಟೇಪಿನ ಅಂಕಿ ಕಾಣುವುದು ಹೇಗೆ? ಹಾಗೆ ಕೇಳಿದ್ದಕ್ಕೆ ಎಲ್ಲರೂ ನಕ್ಕರು.

ಮರುದಿನ ಮತ್ತೆ ಹೋದೆವು. ಹೆಬ್ಬಲಸಿನ ಹತ್ತಿರ ಬಂದಾಗ ಬೇಕೆಂದೇ ನೂರಾ ಹನ್ನೆರಡು ಎಂದು ಕೂಗಿ ಕಾದೆ. ಕಾನು ಸುಮ್ಮನಿತ್ತು. “ನೂರಾ ಹನ್ನೆರಡು, ಬರ್ಕಂಡೆ” ಎಂದ ರವೀಶ. ಕೂಡಲೇ ಅದು ತಪ್ಪು, ನೂರಾ ಇಪ್ಪತ್ತೆರಡು ಎಂದು ತಿದ್ದಿಕೊಳ್ಳಿ ಎಂದೆ. ಆಯ್ತು ಆಯ್ತು ಎಂದ.

ಕೊನೆಯ ದಿನ ಅವನೇ ಎದ್ದು ನಿಂತು ಮಂಡಿಸಿದ. ಪರದೆಯ ಮೇಲೆ ಹೆಬ್ಬಲಸಿನ ಎದುರು ನೂರಾ ಹನ್ನೆರಡು ಎಂದೇ ಇತ್ತು. ತಡೆಯಲಾರದೆ ಎದ್ದು, ಆ ಅಳತೆ ತಪ್ಪು ಎಂದೆ.

ಮುಖ್ಯಸ್ಥರು ಕನ್ನಡಕದ ಮೇಲಿಂದ ನೋಡಿದರು. “ಈ ಸಲಾನೂ ಮಾರ್ದನಿ ಹೇಳಿತೇನಮ್ಮಾ?”

ಇಡೀ ಕೋಣೆ ನಕ್ಕಿತು. ರವೀಶನೂ ನಕ್ಕ. ಕೆಲಸ ಅವನಿಗೇ ಸಿಕ್ಕಿತು.

ನಾನು ಶಿಕಾರಿಪುರಕ್ಕೆ ಮರಳಿ ಮತ್ತೆ ಪಾಠ ಹೇಳುತ್ತಿದ್ದೇನೆ. ಅದು ಯಾರ ದನಿ, ಯಾಕೆ ಮಾತಾಡಿತು, ಮರುದಿನ ಯಾಕೆ ಸುಮ್ಮನಾಯಿತು, ಒಂದೂ ಗೊತ್ತಿಲ್ಲ. ಕೇಳಿದವರಿಗೆ ವಿವರಿಸಲೂ ಬರುವುದಿಲ್ಲ. ಆದರೆ ಅಷ್ಟು ದಿನಗಳಲ್ಲಿ ನನ್ನ ಮಾತನ್ನು ಸರಿಯಾಗಿ ಕೇಳಿಸಿಕೊಂಡದ್ದು ಅದೊಂದೇ. ಅದನ್ನು ಬೈಯಲು ಹೊರಟಿದ್ದೆನಲ್ಲ ಎಂದು ಹೊಟ್ಟೆ ಉರಿಯುತ್ತದೆ.