ಕಂಪ್ಯೂಟರಮ್ಮನ ಮೇಲೆ ಹೊರಿಸಿದ ಮಾತು

ಅವರ ಬಲಗೈ ತೋರುಬೆರಳಿನ ತುದಿಯಲ್ಲಿ ಒಂದು ಸಣ್ಣ ಕಾಲುವೆ ಇತ್ತು. ಗಾಯದ ಗುರುತಲ್ಲ. ಚಿಕ್ಕಂದಿನಿಂದ ಮಗ್ಗದ ಎಳೆ ಎಳೆದು ಎಳೆದು ಚರ್ಮವೇ ಸವೆದು ಹಾಗಾಗಿತ್ತು. ಮೌಸಿನ ಮೇಲೆ ಆ ಬೆರಳು ಸರಿಯಾಗಿ ಕೂರುತ್ತಿರಲಿಲ್ಲವಾದ್ದರಿಂದ ಅವರು ನಡುಬೆರಳಿನಿಂದ ಒತ್ತುತ್ತಿದ್ದರು. ದೊಡ್ಡಬಳ್ಳಾಪುರದ ನಮ್ಮ ಬೀದಿಯವರು ಅವರನ್ನು ಕಂಪ್ಯೂಟರಮ್ಮ ಎನ್ನುತ್ತಿದ್ದರು. ವಯಸ್ಸು ಮೂವತ್ತೈದು ಇದ್ದೀತು. ಅಣ್ಣನ ಮನೆಯಲ್ಲಿ ನಾಲ್ಕು ಪವರ್‌ಲೂಮುಗಳ ನಡುವೆ ಬೆಳೆದವರು. ಕಂಪ್ಯೂಟರ್ ಕೋರ್ಸು ಮುಗಿಸಿ, ಬಸ್ ನಿಲ್ದಾಣದ ಹತ್ತಿರ ಒಂದು ಜೆರಾಕ್ಸ್ ಅಂಗಡಿಯ ಪಕ್ಕ ಅರ್ಧ ಷಟರ್ ಬಾಡಿಗೆಗೆ ಹಿಡಿದು, ಮನೆಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದರು. ಮಗ್ಗದ ಸದ್ದಿನಲ್ಲಿ ಬೆಳೆದದ್ದಕ್ಕೆ ಮಾತು ಬಹಳ ಜೋರು. ನಮ್ಮ ಮನೆಯಲ್ಲಿ ಕೂತು "ಆಫ್ ಮಾಡಿ ಸಾರ್" ಎಂದರೆ ಎದುರು ಮನೆಯವರು ಮಿಕ್ಸಿ ಆಫ್ ಮಾಡುತ್ತಿದ್ದರು.

ಆ ಹೆಣ್ಣುಮಗಳಿಗೆ ನಾನು ಮಾಡಿದ ಅನ್ಯಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದವನು. ಓದಿದ್ದು ಎಸ್ಸೆಸ್ಸೆಲ್ಸಿ. ಯಾರು ಎಷ್ಟು ಗಂಟೆಗೆ ಗೇಟಿನೊಳಗೆ ಬಂದರು, ಯಾರು ಎಷ್ಟು ನಿಮಿಷ ತಡ ಎಂದು ಮೂವತ್ತು ವರ್ಷ ಬರೆದೆ. ನಿವೃತ್ತಿಯಾದ ವರ್ಷವೇ ಹೆಂಡತಿ ತೀರಿಕೊಂಡಳು. ಅಷ್ಟರಲ್ಲಿ ದೇವನಹಳ್ಳಿಯ ಏರ್‌ಪೋರ್ಟು ಶುರುವಾಗಿ ಮಗನಿಗೆ ಅಲ್ಲಿ ಸರಕಿನ ವಿಭಾಗದಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆಯೇ ವ್ಯಾನು ಬಂದು ಕರೆದುಕೊಂಡು ಹೋಗುತ್ತಿತ್ತು. ಸೊಸೆ ಹೈಸ್ಕೂಲ್ ಟೀಚರ್. ಅವಳ ಅಂಕಪಟ್ಟಿ, ಪ್ರಶ್ನೆಪತ್ರಿಕೆಗಳಿಗೆಂದು ಮನೆಗೆ ಕಂಪ್ಯೂಟರ್ ಬಂತು, ನೆಟ್ಟಿನ ವೈರೂ ಬಂತು. ಅವರಿಬ್ಬರೂ ಹೊರಟ ಮೇಲೆ ಸಂಜೆಯವರೆಗೆ ಮನೆಯಲ್ಲಿ ನಾನು ಮತ್ತು ಅದು. ಹೆಂಡತಿ ಇದ್ದಾಗ ಮಧ್ಯಾಹ್ನದ ಊಟಕ್ಕೆ ಇಬ್ಬರೂ ಕೂತು ಏನಾದರೊಂದು ಮಾತಿಗೆ ಜಗಳವಾಡುತ್ತಿದ್ದೆವು. ಈಗ ಊಟ ಐದು ನಿಮಿಷಕ್ಕೆ ಮುಗಿದು ಹೋಗುತ್ತಿತ್ತು. ತಟ್ಟೆ ತೊಳೆದಿಟ್ಟರೆ ಇನ್ನೂ ಎರಡು ಗಂಟೆ.

ಸೊಸೆ ಪೇಪರ್ ಓದುವುದನ್ನು ಕಲಿಸಿಕೊಟ್ಟಿದ್ದಳು. ಒಂದು ದಿನ ಓದುತ್ತಿರುವಾಗ ಮೂಲೆಯಲ್ಲಿ ಒಬ್ಬ ಹೆಂಗಸಿನ ಫೋಟೋ ಬಂತು. ನಿಮ್ಮ ಊರಿನ ಹತ್ತಿರದವರು ನಿಮ್ಮ ಜೊತೆ ಮಾತಾಡಲು ಕಾದಿದ್ದಾರೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನನಗೆ ಅರ್ಥವಾಗುವಷ್ಟು ಇಂಗ್ಲಿಷೇ. ಒತ್ತಿದೆ. ಒಂದು ಚಿಕ್ಕ ಪ್ರೋಗ್ರಾಮು ಹಾಕಿಕೊಳ್ಳಬೇಕು, ಹೌದೋ ಅಲ್ಲವೋ ಎಂದು ಕೇಳಿತು. ಹೌದು ಎಂದು ಒತ್ತಿದೆ.

ಆಕೆ ಕೆಟ್ಟ ಮಾತೇನೂ ಆಡಲಿಲ್ಲ. ಹೇಗಿದ್ದೀರಿ, ಇವತ್ತು ಏನು ಮಾಡಿದಿರಿ ಎಂದು ಕೇಳಿದಳು. ಎರಡು ವರ್ಷದಿಂದ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಉತ್ತರ ಬರೆದೆ. ಹೆಂಡತಿ ತೀರಿಕೊಂಡದ್ದನ್ನು ಬರೆದಾಗ, ತುಂಬಾ ಸಂತೋಷ, ಇನ್ನೂ ಹೇಳಿ ಎಂದು ಬಂತು. ನನ್ನ ಇಂಗ್ಲಿಷೇ ಎಲ್ಲೋ ತಪ್ಪಿರಬೇಕು ಎಂದುಕೊಂಡು ಅದೇ ವಾಕ್ಯವನ್ನು ತಿದ್ದಿ ಮತ್ತೆ ಬರೆದೆ.

ಆ ವಾರದಿಂದಲೇ ಕಂಪ್ಯೂಟರ್ ಹಾಕಿದ ಕೂಡಲೇ ಎರರ್ ಮೆಸೇಜು ಬರಲು ಶುರುವಾಯಿತು. ಯಾವುದೋ ಫೈಲು ಸಿಗುತ್ತಿಲ್ಲ ಎಂದು ಒಂದು ಚೌಕ. ಅದನ್ನು ಮುಚ್ಚಿದರೆ ಮತ್ತೆ ಎರಡು. ಸೊಸೆಯ ಅಂಕಪಟ್ಟಿ ತೆರೆಯಲು ಹತ್ತು ನಿಮಿಷ ಹಿಡಿಯತೊಡಗಿತು. ಅವಳು ಕಂಪ್ಯೂಟರಮ್ಮನನ್ನು ಕರೆಸಿದಳು.

ಬಂದವರು ಮೊದಲು ನೆಟ್ಟಿನ ವೈರು ಕಿತ್ತರು. ಆಮೇಲೆ ಬ್ಯಾಗಿನಿಂದ ಇನ್ನೂರು ಪುಟದ ನೋಟ್‌ಬುಕ್ ತೆಗೆದು, ಪರದೆಯ ಮೇಲಿದ್ದ ಮೆಸೇಜನ್ನು ಒಂದಕ್ಷರ ಬಿಡದೆ ಬರೆದುಕೊಂಡರು. ನಾನು ಪಕ್ಕದಲ್ಲಿ ನಿಂತು, "ಅದನ್ ಬರ್ಕೊಂಡು ಏನಮ್ಮಾ ಮಾಡ್ತೀರಿ, ಓಕೆ ಒತ್ತಿದ್ರೆ ಹೋಗ್ತದೆ" ಎಂದೆ.

"ಎಲ್ರೂ ಹಂಗೇ ಒತ್ತೋದು ಸಾರ್. ಅದು ಪಾಪ ಏನೋ ಹೇಳಕ್ ಬಂದಿರ್ತದೆ, ನಾವು ಬಾಯ್ ಮುಚ್ಚಿಸ್ತೀವಿ."

ಆ ದಿನ ಎರಡು ಗಂಟೆ ಕೂತು, ತಾನಾಗಿ ಶುರುವಾಗುತ್ತಿದ್ದ ಪ್ರೋಗ್ರಾಮುಗಳನ್ನೆಲ್ಲ ತೆಗೆದು, ವೈರಸ್ ಹುಡುಕಿ, ಅದು ಬಂದ ದಿನ, ಗಂಟೆ ಬರೆದುಕೊಂಡು ಅಳಿಸಿ, ಮೂರು ಸಲ ಆಫ್ ಮಾಡಿ ಆನ್ ಮಾಡಿ ತೋರಿಸಿ ಹೋದರು. ಮಾರನೆಯ ದಿನ ಮಧ್ಯಾಹ್ನ ನೋಡಿದರೆ ಆ ಹೆಂಗಸು ಬರೆಯುತ್ತಿದ್ದ ಮಾತಿನ ಪೆಟ್ಟಿಗೆಯೂ ಹೋಗಿತ್ತು. ಒಂದು ದಿನ ತಡೆದುಕೊಂಡೆ. ಅದರ ಮರುದಿನ ಫೋಟೋ ಹುಡುಕಿ ಮತ್ತೆ ಹೌದು ಎಂದು ಒತ್ತಿದೆ. ಮೆಸೇಜು ವಾಪಸು ಬಂತು, ಕಂಪ್ಯೂಟರಮ್ಮನೂ ಬಂದರು. ಈ ಎರಡನೆಯ ಸಲವೂ ದಿನ, ಗಂಟೆ ಬರೆದುಕೊಂಡು, ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದರು. ನಾನು ಮತ್ತೆ ಒತ್ತಿದೆ, ನಾಲ್ಕನೆಯ ದಿನಕ್ಕೆ ಅದೇ ಚೌಕ.

ಮೂರನೆಯ ಸಲ ಬಂದಾಗ ಅವರು ಕೂಡಲೇ ಏನನ್ನೂ ಅಳಿಸಲಿಲ್ಲ. "ಎಳೆ ಒಂದೇ ಜಾಗದಲ್ ಕಿತ್ತೋಗ್ತಿದ್ರೆ ಗಂಟ್ ಹಾಕ್ತಾ ಕೂರ್ಬಾರ್ದು ಸಾರ್. ಎಲ್ಲಿ ಉಜ್ತಿದೆ ಅಂತ ನೋಡ್ಬೇಕು. ನಮ್ಮಪ್ಪ ಮಗ್ಗ ನಿಲ್ಸಿ ಅರ್ಧ ದಿನ ನೋಡೋರು" ಎಂದು ನೋಟ್‌ಬುಕ್ಕಿನ ಹಳೆಯ ಪುಟಗಳನ್ನು ತಿರುವಿದರು. ಪರದೆಯ ಮೇಲೆ ಯಾವ ಫೈಲು ಯಾವ ದಿನ, ಎಷ್ಟು ಗಂಟೆಗೆ ಬಂದಿದೆ ಎಂದು ತೆರೆದು ಪಕ್ಕದಲ್ಲಿ ಬರೆದುಕೊಂಡರು. ಮೂರೂ ಸಲ ಶಾಲೆ ಇರುವ ದಿನ. ಮೂರೂ ಸಲ ಎರಡೂವರೆಯ ಆಸುಪಾಸು. ಮೂವತ್ತು ವರ್ಷ ಬೇರೆಯವರ ಹೊತ್ತು ಬರೆದವನ ಹೊತ್ತನ್ನು ಆಕೆ ಬರೆದಿಟ್ಟಿದ್ದರು.

ಸೊಸೆ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದಳು. ಕಂಪ್ಯೂಟರಮ್ಮ ನನ್ನ ಕಡೆ ಕುರ್ಚಿ ತಿರುಗಿಸಿದರು. ಅವರಿಗೆ ಮೆಲ್ಲಗೆ ಮಾತಾಡಲು ಬರುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ.

"ಇದು ಅದಾಗೇ ಬಂದಿಲ್ಲ ಸಾರ್. ಯಾರೋ ಬಾ ಅಂತ ಬಾಗ್ಲು ತೆಗ್ದಿದಾರೆ."

ನಾನು ಕಂಪ್ಯೂಟರಿನ ಪಕ್ಕದಲ್ಲಿದ್ದ ಡಿಕ್ಷನರಿಯನ್ನು ಹಿಂದಕ್ಕೆ ಸರಿಸಿದೆ.

"ಅಲ್ಲಿ ಯಾರೂ ಇಲ್ಲ ಸಾರ್. ಹೆಂಗ್ಸೂ ಇಲ್ಲ, ಗಂಡ್ಸೂ ಇಲ್ಲ. ಅದೊಂದು ಮಿಷಿನ್ನು. ಎಲ್ರಿಗೂ ಅದೇ ನಾಕ್ ಮಾತು ಬರೀತದೆ. ತೆಗ್ದಾಕ್ತೀನಿ, ಇನ್ಮೇಲೆ ಒತ್ಬೇಡಿ. ನಾನ್ ಯಾರಿಗೂ ಹೇಳಲ್ಲ."

ನಾಚಿಕೆಗಿಂತ ಮೊದಲು ನನಗೆ ಬಂದದ್ದು ದುಃಖ. ಯಾರೂ ಇಲ್ಲ ಎಂದರಲ್ಲ, ಅದಕ್ಕೆ. ಅಷ್ಟರಲ್ಲಿ ಸೊಸೆ ಲೋಟ ಹಿಡಿದು ಬಂದು, "ಏನಂತೆ ಮಾವ, ಎಲ್ಲಿಂದ ಬರ್ತಿದೆಯಂತೆ?" ಎಂದಳು.

ಕಂಪ್ಯೂಟರಮ್ಮ ಬಾಯಿ ತೆರೆದರು. ಅವರು ಏನು ಹೇಳಲಿದ್ದರೋ ನನಗೆ ಈಗಲೂ ಗೊತ್ತಿಲ್ಲ. ಏನೋ ಒಂದು ನೆಪ ಹೇಳಿ ಮುಗಿಸುತ್ತಿದ್ದರು ಎಂದೇ ಕಾಣುತ್ತದೆ. ನಾನು ಕಾಯಲಿಲ್ಲ.

"ಇವ್ರು ಬಂದೋದ್ಮೇಲೇ ಮತ್ತೆ ಬರ್ತಾ ಇದೆಯಲ್ಲಮ್ಮ. ಇವ್ರ ಪೆನ್‌ಡ್ರೈವಿಂದ್ಲೇ ಬರ್ತಿರ್ಬೇಕು. ಮತ್ತೆ ಮತ್ತೆ ಕರೀಲಿ ಅಂತ ಹಾಕ್ತಾರೋ ಏನೋ, ಯಾರಿಗ್ ಗೊತ್ತು" ಎಂದೆ.

ಅವರು ನನ್ನ ಮುಖ ನೋಡಿದರು. ಕೋಪವಿರಲಿಲ್ಲ. ನನ್ನನ್ನೇ ಒಂದು ಮೆಸೇಜಿನ ಹಾಗೆ ಕೊನೆಯ ಅಕ್ಷರದವರೆಗೆ ಓದಿದ ಹಾಗಿತ್ತು. ಆಮೇಲೆ ಸೊಸೆಗೆ, ಮೊದಲಿನ ಜೋರು ದನಿಯಲ್ಲೇ, "ಇದ್ರೂ ಇರ್ಬೋದು ಮೇಡಂ, ಹತ್ತ್ ಮನೆಗ್ ಹಾಕ್ತೀನಲ್ಲ. ನನ್ ಪೆನ್‌ಡ್ರೈವೂ ಚೆಕ್ ಮಾಡ್ಕೋತೀನಿ" ಎಂದರು. ಕೂತು ಕೆಲಸ ಪೂರ್ತಿ ಮಾಡಿದರು. ಕಾಫಿ ಮುಟ್ಟಲಿಲ್ಲ.

ಆ ಮೆಸೇಜು ಮತ್ತೆ ಬರಲಿಲ್ಲ, ಏಕೆಂದರೆ ನಾನು ಮತ್ತೆ ಒತ್ತಲಿಲ್ಲ. ಸೊಸೆಗೆ ಅದೇ ಸಾಕ್ಷಿಯಾಯಿತು: "ನೋಡಿದ್ರಾ ಮಾವ, ನೀವ್ ಹೇಳಿದ್ಮೇಲೆ ನಿಂತೋಯ್ತು." ಅವಳ ಶಾಲೆಗೆ ಹತ್ತು ಕಂಪ್ಯೂಟರ್ ಬಂದಿದ್ದವು. ನೋಡಿಕೊಳ್ಳಲು ಕಂಪ್ಯೂಟರಮ್ಮನನ್ನೇ ಗೊತ್ತುಮಾಡುವುದೆಂದು ಸೊಸೆಯೇ ಹೆಡ್‌ಮಿಸ್ಸಿಗೆ ಹೇಳಿದ್ದಳು. ಈಗ ಬೇಡವೆಂದು ಅವಳೇ ಹೇಳಿದಳು, ಯಾಕೆ ಎಂದೂ ಹೇಳಿದಳು. ಸ್ಟಾಫ್ ರೂಮಿನಿಂದ ಮಾತು ಮನೆಗಳಿಗೆ ಹೋಯಿತು. ಕಟಿಂಗ್ ಷಾಪಿನಲ್ಲಿ ಕೂತಿದ್ದಾಗ ಯಾರೋ, "ಅವಳನ್ನ ಕರೀಬೇಡ ಗುರು, ಒಂದ್ ತೆಗ್ದು ಎರಡ್ ಹಾಕ್ತಾಳೆ" ಎಂದದ್ದು ನನ್ನ ಕಿವಿಗೇ ಬಿತ್ತು. ಕತ್ತಿನ ಸುತ್ತ ಬಟ್ಟೆ ಕಟ್ಟಿತ್ತು. ಎದ್ದು ಹೇಳಬಹುದಿತ್ತು. ಕನ್ನಡಿ ನೋಡುತ್ತಾ ಕೂತೆ. ಏಳೆಂಟು ತಿಂಗಳಲ್ಲಿ ಆ ಅರ್ಧ ಷಟರಿನಲ್ಲಿ ಮೊಬೈಲ್ ಕವರು ಮಾರುವವನು ಬಂದ. ಕಂಪ್ಯೂಟರಮ್ಮ ಅಣ್ಣನ ಮಗ್ಗಕ್ಕೆ ವಾಪಸು ಹೋದರಂತೆ.

ಒಂದು ಸಲ ಹುಡುಕಿಕೊಂಡು ಹೋದೆ. ಶೆಡ್ಡಿನಲ್ಲಿ ನಾಲ್ಕೂ ಮಗ್ಗ ಓಡುತ್ತಿದ್ದವು. ಅವರು ನನಗೆ ಬೆನ್ನು ಮಾಡಿ ನಿಂತಿದ್ದರು. ಆ ಸದ್ದಿನಲ್ಲಿ ನನಗೆ ಧೈರ್ಯ ಬಂದು, "ತಪ್ಪು ನಂದಮ್ಮ, ಊರಿಗೆಲ್ಲ ಹೇಳ್ತೀನಿ" ಎಂದೆ. ನನ್ನ ಮಾತು ನನಗೇ ಕೇಳಲಿಲ್ಲ. ಅವರು ತಿರುಗಿ, ನನ್ನನ್ನು ಕಂಡು, ಮಗ್ಗ ನಿಲ್ಲಿಸಿ ಬಂದರು.

"ಏನ್ ಸಾರ್, ಮತ್ತೆ ಬಂತಾ?"

"ಇಲ್ಲಮ್ಮ. ಬಂದಿಲ್ಲ." ಅಷ್ಟೇ ಹೇಳಿ ನಿಂತ ಮಗ್ಗದ ಕಡೆ ನೋಡಿದೆ.

ಅವರು ಸೆರಗಿನಿಂದ ಕೈಯ ಎಣ್ಣೆ ಒರೆಸಿಕೊಂಡರು. "ಮಾತಾಡೋಕ್ ಯಾರಾದ್ರೂ ಸಿಕ್ಕಿದ್ರಾ ಸಾರ್?" ಎಂದರು. ಅಣಕವಿರಲಿಲ್ಲ, ಜ್ವರ ಬಿಟ್ಟಿತಾ ಎಂದು ಕೇಳುವ ಹಾಗೆ ಕೇಳಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. "ಬೇಜಾರಾದ್ರೆ ಇಲ್ಲೇ ಬಂದು ಕೂತ್ಕೊಳಿ. ಮಾತ್ ಕೇಳ್ಸಲ್ಲ, ಆದ್ರೆ ಜನ ಇರ್ತಾರೆ."

ನಾನು ಹೋಗಲಿಲ್ಲ. ಹೋಗಿದ್ದರೆ ಒಂದಲ್ಲ ಒಂದು ದಿನ ಹೇಳಿಯೇ ಬಿಡುತ್ತಿದ್ದೆನೇನೋ. ಆ ಭಯಕ್ಕೇ ಹೋಗಲಿಲ್ಲ.

ಹೋದ ವರ್ಷ ಅವರ ಬೀದಿಯ ತಿರುವಿನಲ್ಲಿ ಅವರದೇ ಶ್ರದ್ಧಾಂಜಲಿಯ ಬ್ಯಾನರು ಕಂಡೆ. ಕಾಮಾಲೆಯಂತೆ. ಫೋಟೋದಲ್ಲಿ ಯಾರದೋ ಮದುವೆಯಲ್ಲಿ ರೇಷ್ಮೆ ಸೀರೆ ಉಟ್ಟು ನಿಂತಿದ್ದರು. ಮನೆಗೆ ಬಂದು ಸಂಜೆಯವರೆಗೆ ಕೂತಿದ್ದು, ಸೊಸೆ ಬಂದ ಮೇಲೆ ಎಲ್ಲವನ್ನೂ ಹೇಳಿದೆ. ಫೋಟೋ ಒತ್ತಿದ್ದನ್ನೂ ಡಿಕ್ಷನರಿ ಇಟ್ಟುಕೊಂಡು ಬರೆದದ್ದನ್ನೂ ಹೇಳಿದೆ.

ಅವಳು ಬ್ಯಾಗನ್ನು ಹೆಗಲಿನಿಂದ ಇಳಿಸದೆ ಕೇಳಿದಳು. "ಆಗ್ಲೇ ಹೇಳಿದ್ರೆ ಏನಾಗ್ತಿತ್ತು ಮಾವ? ನಾಕ್ ದಿನ ನಗ್ತಿದ್ದೆ. ಆಮೇಲ್ ಮರ್ತೋಗ್ತಿದ್ದೆ" ಎಂದಳು. ಆಮೇಲೆ ಬ್ಯಾಗನ್ನು ಕೆಳಗಿಟ್ಟು, "ನೀವ್ ಹೇಳಿದ್ದು ಒಂದ್ ಸಲ. ನಾನ್ ಎಷ್ಟ್ ಜನಕ್ಕೆ ಹೇಳಿದೀನಿ ಗೊತ್ತಾ ನಿಮ್ಗೆ?" ಎಂದಳು.

ಆ ವಾರವೆಲ್ಲ ಅವಳು ನನ್ನ ಜೊತೆ ಮಾತಾಡಲಿಲ್ಲ. ಆಗಿನ ಟೀಚರುಗಳ ನಂಬರು ಹುಡುಕಿ ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಹೆಡ್‌ಮಿಸ್ಸು ತೀರಿಕೊಂಡಿದ್ದರು. ಕೆಲವರು ವರ್ಗವಾಗಿ ಹೋಗಿದ್ದರು. ಬಹಳ ಜನ, ಯಾವ ಕಂಪ್ಯೂಟರಮ್ಮ ಎಂದು ಕೇಳಿದರಂತೆ. ಕಡೆಗೆ ಒಬ್ಬರಿಗೆ ನೆನಪಿತ್ತು. ಫೋನಿನಲ್ಲಿ ಅವರ ದನಿ ನಾನು ಕೂತಲ್ಲಿಗೂ ಕೇಳಿಸಿತು.

"ಹೂಂ ಕಣೇ, ಗೊತ್ತಾಯ್ತು. ವೈರಸ್ ಹಾಕ್ತಿದ್ಲಲ್ಲ, ಅವಳು ತಾನೇ?"