ಅತ್ತೆಯವರ ಜರಿಗಿಡ ತಿಂದ ಹುಳುಗಳು

ಹುಳುಗಳನ್ನು ಕೊಲ್ಲುವುದೇ ನನ್ನ ಹೊಟ್ಟೆಪಾಡು. ವಿಶಾಖಪಟ್ಟಣ ಬಂದರಿನಿಂದ ಹಡಗು ಹತ್ತುವ ಅಕ್ಕಿ, ಮೆಣಸಿನಕಾಯಿಯ ಕಂಟೇನರುಗಳಿಗೆ ವಿಷಾನಿಲ ಬಿಟ್ಟು, ಒಳಗೆ ಒಂದು ಜೀವವೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು ಮನೆಗೆ ಬರುತ್ತೇನೆ. ಅದರ ಬಗ್ಗೆ ನನಗೆ ನಾಚಿಕೆಯೂ ಇಲ್ಲ, ಹೆಮ್ಮೆಯೂ ಇಲ್ಲ. ಊಟ ಚೆನ್ನಾಗಿಯೇ ಸೇರುತ್ತದೆ.

ಕಳೆದ ಮಳೆಗಾಲದಲ್ಲಿ ಊರಂಚಿನ ಪೆಂದುರ್ತಿಯಲ್ಲಿ ನಮ್ಮ ಮನೆಯ ಬಾಲ್ಕನಿಯ ಜರಿಗಿಡಕ್ಕೆ, ಅಂದರೆ ಫರ್ನ್‌ ಗಿಡಕ್ಕೆ, ಹುಳು ಬಿತ್ತು. ಗಿಡ ಅತ್ತೆಯವರದು. ಬಳ್ಳಾರಿಯಿಂದ ವಿಜಯವಾಡದ ಪಟಮಟಕ್ಕೆ ಮದುವೆಯಾಗಿ ಹೋದ ಅವರು, ತಮ್ಮ ಕುಂಡದಿಂದ ಒಂದು ಬುಡ ಕಿತ್ತು ಮಗಳಿಗೆ ಕೊಟ್ಟಿದ್ದರು. ನಾಲ್ಕೇ ದಿನದಲ್ಲಿ ಅವರು ನಮ್ಮಲ್ಲಿಗೆ ಬರುವವರಿದ್ದರು.

"ರೀ, ಏನಾರ ಔಷಧಿ ಹೊಡೀರಿ. ಅಮ್ಮ ನೋಡಿದ್ರ ನೊಂದ್ಕೋತಾಳ," ಎಂದಳು ಹೆಂಡತಿ.

ಔಷಧಿ ಹಿಡಿದು ಹೋದವನು ಬಗ್ಗಿ ನೋಡುತ್ತ ನಿಂತುಬಿಟ್ಟೆ. ಕೆಲಸದಲ್ಲಿ ನಾನು ಕಾಣುವುದು ಸತ್ತ ಹುಳುಗಳನ್ನು. ಇವು ಎಲೆಯಷ್ಟೇ ಹಸಿರಾಗಿ, ಮೈಮೇಲೆ ಬಿಳಿ ಗೀರು ಹೊತ್ತು, ಅಂಚಿನಿಂದ ಶುರುಮಾಡಿ ಶ್ರದ್ಧೆಯಿಂದ ಮೇಯುತ್ತಿದ್ದವು. ಕೊಲ್ಲಲು ಕೈ ಬರಲಿಲ್ಲ. ಭಾರೀ ಜಾಣನಂತೆ ಹನ್ನೊಂದನ್ನು ಎತ್ತಿ ಪಕ್ಕದ ದಾಸವಾಳಕ್ಕೆ ಬಿಟ್ಟೆ.

ಎರಡು ದಿನಕ್ಕೆ ಅಷ್ಟೂ ಸತ್ತವು. ಇವು ನಮ್ಮ ನೆಲದ್ದೇ ಒಂದು ಜಾತಿಯ ಪತಂಗದ ಮರಿಗಳು, ಜರಿಗಿಡ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ ಎಂದು ಆಮೇಲೆ ಮೊಬೈಲಿನಲ್ಲಿ ಓದಿದೆ. ಯಾವ ಹುಳು ಎಷ್ಟು ವಿಷಕ್ಕೆ ಸಾಯುತ್ತದೆ ಎನ್ನುವುದು ನನಗೆ ಬಾಯಿಪಾಠ. ಏನು ತಿಂದು ಬದುಕುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನಿಜಕ್ಕೂ ಸಂಕಟವಾಯಿತು. ಗಿಡದಲ್ಲೇ ಉಳಿದಿದ್ದ ಐದಾರನ್ನು ಅವುಗಳ ಪಾಡಿಗೆ ಬಿಟ್ಟೆ. ಹೆಂಡತಿ ನನ್ನೊಡನೆ ಮಾತು ಬಿಟ್ಟಳು.

ಅತ್ತೆ ಬಂದವರೇ ನೇರ ಬಾಲ್ಕನಿಗೆ ಹೋದರು. ಎಲೆಯೆಲ್ಲ ಹೋಗಿ ಬರೀ ಕಡ್ಡಿ ನಿಂತಿತ್ತು. ನಾನು ತಪ್ಪೊಪ್ಪಿಕೊಂಡೆ, ದಾಸವಾಳದ ಕತೆಯನ್ನೂ ಹೇಳಿದೆ. ಅವರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

"ಉಳಸಾಕ ಹೋಗಿ ಉಪವಾಸ ಕೆಡವಿದ್ರಿ ನೋಡ್ರಿ, ಅಲ್ಲುಡುಗಾರೂ," ಎಂದರು. ಅಳಿಯನನ್ನು ಕರೆಯಲು ಮಾತ್ರ ಅವರಿಗೆ ತೆಲುಗೇ ಆಗಬೇಕು. "ಬೇರು ಐತಲ್ಲ, ಮತ್ತ ಚಿಗುರ್ತೈತಿ. ನಮ್ಮ ಕುಂಡಕ್ಕೂ ವರ್ಷಾ ವರ್ಷಾ ಹುಳ ಬರ್ತಾವು. ನಾ ಮುಟ್ಟಂಗಿಲ್ಲ. ಕಂದು ರೆಕ್ಕಿ ಬಂದು ಹಾರಿ ಹೋಗ್ತಾವು."

"ಪಟಮಟದಲ್ಲಿ ನಾನು ಒಂದ್ಸಲಾನೂ ಕಂಡಿಲ್ವಲ್ಲ ಅತ್ತೆ?"

"ನೀವು ಬರ್ತೀರಿ ಅಂದ್ರ ಕುಂಡ ಹಿತ್ತಲಾಗ ಇಡ್ತಿದ್ದೆ. ನಿಮ್ಮ ಕೆಲಸ ಅಂಥಾದ್ದು. ಕಂಡ್ರ ಸಹಾಯ ಮಾಡ್ತೀನಂತ ಔಷಧಿ ಹೊಡದೇಬಿಡ್ತೀರಿ ಅಂತ ಅಂಜಿಕಿ."

ಒಂಬತ್ತು ವರ್ಷ ಆ ಮನೆಯಲ್ಲಿ ಅಳಿಯನ ಉಪಚಾರ ಮಾಡಿಸಿಕೊಂಡವನು ನಾನು. ಅಷ್ಟೂ ವರ್ಷ ನನಗೆ ಹೆದರಿ ಹುಳು ಬಚ್ಚಿಟ್ಟಿದ್ದರು. ಮನಸ್ಸಿಗೆ ಚುಚ್ಚಿತು, ನಗುವೂ ಬಂತು.

ದಸರೆಗೆ ನಾವು ಪಟಮಟಕ್ಕೆ ಹೋದೆವು. ಗೇಟು ತೆಗೆದರೆ ಜರಿಗಿಡದ ಕುಂಡ ಮುಂಬಾಗಿಲಲ್ಲೇ ಇತ್ತು, ಎಲೆಯೆಲ್ಲ ತೂತು. ಮೆಟ್ಟಿಲ ಮೇಲೆ ಒಂದು ಹುಳು ಬಿದ್ದಿತ್ತು.

"ಅದನ್ನ ಗಿಡಕ್ಕ ಬಿಟ್ಟು ಬರ್ರಿ," ಎಂದರು ಅತ್ತೆ. ನಾನೇನು ಮಾಡುತ್ತೇನೆಂದು ನೋಡಲು ನಿಲ್ಲದೆ, ಕಾಫಿ ಇಡಲು ಒಳಗೆ ಹೋದರು.